ಹಿತ್ತಾಳೆ ರಾಶಿಯಲ್ಲಿ ಕಂಡ ಮುಖ

ಕೊಟ್ಟೂರಿನ ನಮ್ಮ ಮನೆಗೆ ಯಾರೇ ಬಂದರೂ ಅವರಿಗೆ ಮೊದಲು ಕಾಣುತ್ತಿದ್ದದ್ದು ಮನೆಯಲ್ಲ, ಗುಜರಿ. ಬಾಗಿಲ ಎಡಕ್ಕೆ ಕಬ್ಬಿಣ, ಬಲಕ್ಕೆ ಪ್ಲಾಸ್ಟಿಕ್ಕು, ಬೇವಿನ ಮರದ ಬುಡದಲ್ಲಿ ಸೀಸೆಗಳು, ಬಚ್ಚಲ ಗೋಡೆಗೆ ಒರಗಿಸಿದ ಸೈಕಲ್ ರಿಮ್ಮುಗಳು. ಇವುಗಳ ನಡುವೆ ಒಬ್ಬರು ಮೈ ಓರೆ ಮಾಡಿಕೊಂಡು ನಡೆಯುವಷ್ಟು ದಾರಿ. ಮಳೆ ಬಿದ್ದ ದಿನ ತುಕ್ಕಿನ ಕೆಂಪು ನೀರು ಅಂಗಳದಿಂದ ಓಣಿಗೆ ಹರಿದು ಪಕ್ಕದ ಮನೆಯವರ ರಂಗೋಲಿ ಕೆಡಿಸುತ್ತಿತ್ತು, ಅವ್ವನಿಗೂ ಅವರಿಗೂ ಜಗಳ ಹತ್ತುತ್ತಿತ್ತು. ಒಳಗೆ ಇದ್ದದ್ದು ಒಂದೇ ಕೋಣೆ. ಅದನ್ನು ಅವ್ವ ಮೂರು ಮಾಡಿಕೊಂಡಿದ್ದಳು. ಒಲೆ ಇದ್ದ ಮೂಲೆ ಅಡುಗೆಮನೆ, ಹಳೆಯ ಸೀರೆಯ ಪರದೆಯಾಚೆ ಮಲಗುವ ಜಾಗ, ಮೂಡಲ ಗೋಡೆಗೆ ಹೊಂದಿಸಿ ಮಣ್ಣಿನಿಂದ ಕಟ್ಟಿದ ಜಗಲಿಯೇ ದೇವರ ಮನೆ. ಗುಜರಿ ಹೊಸ್ತಿಲು ದಾಟಬಾರದು ಎಂದು ಅವ್ವನ ಕಟ್ಟಪ್ಪಣೆ. ಹಿತ್ತಾಳೆ, ತಾಮ್ರಕ್ಕೆ ಮಾತ್ರ ಕಳ್ಳರ ಭಯದಿಂದ ರಿಯಾಯಿತಿ ಇತ್ತು. ಅವಕ್ಕೆ ಅಟ್ಟದ ಮೇಲೆ ಒಂದು ಗೋಣಿಚೀಲ.

ಅಪ್ಪ ಬೆಳಿಗ್ಗೆ ಸೈಕಲ್ಲಿಗೆ ಎರಡು ಚೀಲ ಕಟ್ಟಿಕೊಂಡು ಹಳ್ಳಿಗಳಿಗೆ ಹೋಗುತ್ತಿದ್ದ. ಒಂದರಲ್ಲಿ ಉಳ್ಳಾಗಡ್ಡಿ, ಇನ್ನೊಂದು ಖಾಲಿ. ಮುರಿದ ಕುಡಗೋಲು, ತಳ ಹೋದ ಕೊಡ, ಒಡೆದ ಬಕೆಟ್ಟು ಕೊಟ್ಟವರಿಗೆ ಉಳ್ಳಾಗಡ್ಡಿ ಅಳೆದು ಕೊಡುವುದು ಅವನ ವ್ಯಾಪಾರ. ರಜೆಯ ದಿನ ನಾನು ಸೈಕಲ್ಲಿನ ಮುಂದಿನ ದಂಡಿಯ ಮೇಲೆ ಕೂತು ಅವನ ಜೊತೆ ಹೋಗುತ್ತಿದ್ದೆ. ಕೋಗಳಿಯ ಹಾದಿಯಲ್ಲಿ ಎದುರುಗಾಳಿ ಬಂದರೆ ಅವನ ಎದೆಯ ಏದುಸಿರು ನನ್ನ ನೆತ್ತಿಗೆ ತಾಗುತ್ತಿತ್ತು. ಊರು ಹೊಕ್ಕ ಕೂಡಲೇ ನಾನು, "ಹಳೇ ಕಬ್ಣಾ, ಹಳೇ ಪಾತ್ರೀ, ಪ್ಲಾಸ್ಟಿಕ್!" ಎಂದು ಕೂಗಬೇಕು. ಅಪ್ಪನ ದನಿ ಒಡಕು, ನನ್ನದು ಓಣಿಯ ಕೊನೆಯ ಮನೆಗೂ ಮುಟ್ಟುತ್ತಿತ್ತು. ಪಾತ್ರೆ ಬಂದಾಗ ಅಪ್ಪ ಅದನ್ನು ನನ್ನ ಕೈಗೆ ಕೊಡುತ್ತಿದ್ದ. ನಾನು ಬೆರಳಿನಿಂದ ಬಡಿದು, ಕಿವಿಗೆ ಹಿಡಿದು, ಇದು ಹಿತ್ತಾಳೆ, ಇದು ಬರೀ ಬಣ್ಣ, ಇದು ಜರ್ಮನ್, ಅಂದರೆ ಅಲ್ಯೂಮಿನಿಯಂ, ಎಂದು ಹೇಳಬೇಕು. ಯಾರಾದರೂ ವಾದಕ್ಕೆ ನಿಂತರೆ ಅವನು ನಗುತ್ತಿದ್ದ.

"ನನ್ನ ಮಗಳು ಹೇಳಿದ ಮ್ಯಾಲೆ ಮುಗೀತ್ರಿ. ಆಕಿ ಮಾತು ಅಂದ್ರ ಮಾತು."

ಆ ಮಾತಿಗಾಗಿಯೇ ನಾನು ಹೋಗುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿಯರಿಗೆ ನನ್ನ ಲಂಗದಿಂದ ತುಕ್ಕಿನ ವಾಸನೆ ಬರುತ್ತಿತ್ತಂತೆ. ಬರಲಿ ಎನ್ನುತ್ತಿದ್ದೆ. ಅಪ್ಪನ ಸೈಕಲ್ಲಿನ ಮೇಲೆ ನಾನು ಅಂಗಡಿಯ ಯಜಮಾನಿ. ಮಧ್ಯಾಹ್ನ ಯಾವುದಾದರೂ ಹೊಲದ ಬದುವಿನ ಮೇಲೆ ಕೂತು ರೊಟ್ಟಿ ಬಿಚ್ಚುತ್ತಿದ್ದೆವು. ಅವ್ವ ಜೋಳದ ರೊಟ್ಟಿಯ ನಡುವೆ ಹಸಿಮೆಣಸಿನಕಾಯಿ ಖಾರ ಸವರಿ, ಮೇಲೆ ಗುರೆಳ್ಳು ಪುಡಿ ಉದುರಿಸಿ ಕಟ್ಟಿರುತ್ತಿದ್ದಳು. ಅಪ್ಪ ತನ್ನ ಪಾಲಿನ ಉಳ್ಳಾಗಡ್ಡಿಯನ್ನು ಮುಷ್ಟಿಯಲ್ಲಿ ಗುದ್ದಿ ಒಡೆದು, ಒಳಗಿನ ಸಿಹಿ ತಿರುಳನ್ನು ನನಗೆ ಕೊಟ್ಟು, ಹೊರಗಿನ ಪದರಗಳನ್ನು ತಾನು ತಿನ್ನುತ್ತಿದ್ದ.

ನಮ್ಮ ಮನೆತನದ ದೇವರು ದುರುಗವ್ವ. ಗುಡಿಯಲ್ಲಿದ್ದ ದೇವರಲ್ಲ, ಬಿದಿರಿನ ಪುಟ್ಟಿಯಲ್ಲಿ ಮನೆಯಿಂದ ಮನೆಗೆ ಹೋಗುವ ಹಿತ್ತಾಳೆಯ ಮುಖ. ಒಂದು ವರ್ಷ ದೊಡ್ಡಪ್ಪನ ಮನೆ, ಮರುವರ್ಷ ನಮ್ಮ ಮನೆ. ಭಾರತ ಹುಣ್ಣಿಮೆಗೆ ಪುಟ್ಟಿಯನ್ನು ಸರದಿಯ ಮನೆಗೆ ತಂದು, ಆಕೆಯನ್ನು ಕೊಡದ ಮೇಲೆ ಕೂರಿಸಿ, ಹಸಿರು ಸೀರೆ ಉಡಿಸಿ, ಬೇವಿನ ತೊಪ್ಪಲು ಸುತ್ತಿ, ಕೋಳಿ ಕೊಯ್ದು, ಬಂಧುಬಳಗಕ್ಕೆಲ್ಲ ಊಟ ಹಾಕುವುದು ಪದ್ಧತಿ. ನಮ್ಮ ಮನೆಯಲ್ಲಿದ್ದ ವರ್ಷ ಮುಖ ತೊಳೆಯುವ ಕೆಲಸ ನನ್ನದು. ಹುಣಸೆಹಣ್ಣು, ಒಲೆಯ ಬೂದಿ ಹಚ್ಚಿ ತಿಕ್ಕುತ್ತಿದ್ದೆ. ಎಡ ಮೂಗಿನ ಹೊಳ್ಳೆಗೆ ಮೂಗುತಿಯ ತೂತು, ಗದ್ದದ ಕೆಳಗೆ ಹೆಬ್ಬೆರಳು ಕೂರುವಷ್ಟು ತಗ್ಗು, ಬಲಗಣ್ಣು ಎಡಗಣ್ಣಿಗಿಂತ ತುಸು ದೊಡ್ಡದು. ಕಣ್ಣು ಕಟ್ಟಿ ಕೊಟ್ಟರೂ ಗುರುತು ಹಿಡಿಯುತ್ತಿದ್ದೆ. ಅವ್ವ ಪಕ್ಕದಲ್ಲಿ ಕೂತು, "ಮೆಲ್ಲಕ ತಿಕ್ಕ ಗಂಗಿ, ಆಕಿಗೆ ನೋವಾಗತೈತಿ" ಎನ್ನುತ್ತಿದ್ದಳು.

ದೊಡ್ಡಪ್ಪ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಸರಕಾರಿ ಕಚೇರಿಯ ಅಟೆಂಡರ್. ನಮ್ಮ ವಂಶದಲ್ಲಿ ತಿಂಗಳ ಪಗಾರ ಕಂಡ ಮೊದಲ ಮನುಷ್ಯ. ಜೇಬಿನಲ್ಲಿ ಪೆನ್ನು, ತಲೆಗೆ ಎಣ್ಣೆ, ಇಸ್ತ್ರಿಯ ಬಿಳಿ ಅಂಗಿ. ಅಜ್ಜ ಅಜ್ಜಿ ಬೇಗ ತೀರಿಕೊಂಡಾಗ ಅಪ್ಪ ಇನ್ನೂ ಅಂಬೆಗಾಲು ದಾಟಿದ ಕೂಸು. ದೊಡ್ಡಪ್ಪನೇ ಅವನನ್ನು ಹೆಗಲ ಮೇಲೆ ಹೊತ್ತು ಸಾಕಿದ್ದ, ಹಾಸ್ಟೆಲ್ಲಿನಲ್ಲಿ ಓದುವಾಗ ತನ್ನ ತಾಟಿನ ಅನ್ನವನ್ನು ಚೌಕದ ಬಟ್ಟೆಯಲ್ಲಿ ಕಟ್ಟಿ ತಂದು ತಿನ್ನಿಸಿದ್ದ. ಹಾಗಾಗಿ ಅಣ್ಣ ಬಂದರೆ ಅಪ್ಪ ಎದ್ದು ನಿಲ್ಲುತ್ತಿದ್ದ, ಅಣ್ಣ ಕೂತ ಮೇಲೆ ನೆಲದ ಮೇಲೆ ಕೂರುತ್ತಿದ್ದ. ಅವ್ವನಿಗೆ ಇದು ಆಗುತ್ತಿರಲಿಲ್ಲ.

"ಅಣ್ಣ ಬಂದ್ರ ನಿಮ್ಮ ಬೆನ್ನಿನ ಎಲುಬು ಎಲ್ಲಿಗೆ ಹೋಗತೈತಿ?" ಎಂದು ಅವಳು ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದಳು.

"ನಿನಗ ತಿಳಿಯಾದಿಲ್ಲ ಸುಮ್ಮನಿರು," ಎನ್ನುತ್ತಿದ್ದ ಅಪ್ಪ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ದೊಡ್ಡಪ್ಪ ಹೊಸ ಬಡಾವಣೆಯಲ್ಲಿ ಮನೆ ಮಾಡಿದ. ತಾರಸಿ ಮನೆ, ಒಳಗೇ ನಲ್ಲಿ, ಮುಂದೆ ಕಬ್ಬಿಣದ ಗೇಟು. ನಾವು ನೋಡಲು ಹೋದಾಗ ದೊಡ್ಡವ್ವ ಗೇಟಿನಲ್ಲೇ ತಡೆದು, ಅಪ್ಪನ ಕೈಯಲ್ಲಿದ್ದ ಗೋಣಿಚೀಲವನ್ನು ಹಿತ್ತಲಲ್ಲಿ ಇಟ್ಟು ಬರಲು ಹೇಳಿದಳು. ಆ ವರ್ಷ ದುರುಗವ್ವ ಅವರ ಮನೆಯಲ್ಲಿದ್ದಳು. ನಾನು ಪುಟ್ಟಿ ಎಲ್ಲಿ ಎಂದು ಹುಡುಕಿದೆ. ದೇವರ ಗೂಡಿನಲ್ಲಿ ಚೌಕಟ್ಟು ಹಾಕಿದ ಫೋಟೋಗಳು ಮಾತ್ರ ಇದ್ದವು.

"ದುರುಗವ್ವ ಎಲ್ಲಿ ಅದಾಳ ದೊಡ್ಡವ್ವ?"

"ಒಳಗ ಪೆಟ್ಟಿಗ್ಯಾಗ ಇಟ್ಟೀನಿ," ಎಂದು ಅವಳು ದನಿ ತಗ್ಗಿಸಿದಳು. "ಇಲ್ಲಿ ಎಲ್ಲಾರೂ ದೊಡ್ಡ ಮಂದಿ. ಕೋಳಿ ಕೊಯ್ಯೋ ದೇವರನ್ನ ಎದುರಿಗೆ ಇಟ್ಕಂಡ್ರ ನಾವು ಯಾವ ಮಂದಿ ಅಂತ ಗೊತ್ತಾಗತೈತಿ. ನೀ ಹೊರಗ ಹೋಗಿ ಒದರಬ್ಯಾಡ ಮತ್ತ."

ಯಾವ ಮಂದಿ ಎಂದರೆ ಏನು ಎಂದು ಆಗ ನನಗೆ ಪೂರ್ತಿ ತಿಳಿಯಲಿಲ್ಲ. ಅಪ್ಪನಿಗೆ ತಿಳಿಯಿತು. ಅವನು ಚಹಾ ಕುಡಿಯದೆ ಎದ್ದ.

ಹಿತ್ತಾಳೆ, ತಾಮ್ರ ಚೀಲ ತುಂಬುವಷ್ಟಾದಾಗ ಅಪ್ಪ ಅದನ್ನು ಕೊಟ್ಟೂರಿನಲ್ಲಿ ಮಾರುತ್ತಿರಲಿಲ್ಲ. ಬಸ್ಸಿನ ಮೇಲೆ ಹಾಕಿ ಹಗರಿಬೊಮ್ಮನಹಳ್ಳಿಯ ಹುಸೇನಮ್ಮನ ಗುಜರಿ ಅಂಗಡಿಗೆ ಒಯ್ಯುತ್ತಿದ್ದ. ಹುಸೇನಮ್ಮ ಗಂಡ ಸತ್ತ ಮೇಲೆ ತಾನೇ ಅಂಗಡಿ ನಡೆಸುತ್ತಿದ್ದ ಹೆಂಗಸು. ತಗಡಿನ ಮಾಡಿನ ಕೆಳಗೆ, ಹಳೆಯ ಲಾರಿಯೊಂದರ ಸೀಟನ್ನೇ ಗದ್ದಿಗೆ ಮಾಡಿಕೊಂಡು, ಎಲೆಯಡಿಕೆ ಮೆಲ್ಲುತ್ತ, ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಟ್ಟು ಕೂತಿರುತ್ತಿದ್ದಳು. ನನಗೆ ಆ ಅಂಗಡಿ ಎಂದರೆ ಜಾತ್ರೆಗಿಂತ ಹೆಚ್ಚು. ಮಾರಾಟ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಎದುರು ಒಗ್ಗರಣಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸುವುದು ಅಪ್ಪ ತಪ್ಪಿಸಿದ್ದೇ ಇಲ್ಲ. ಆ ಚಳಿಗಾಲವೂ ಹಾಗೆಯೇ ಹೋದೆವು. ಭಾರತ ಹುಣ್ಣಿಮೆ ಹತ್ತಿರವಾಗಿತ್ತು, ಈ ಸಲ ಮುಖ ನಮ್ಮ ಮನೆಗೆ ಬರುವ ಸರದಿ, ಅವ್ವ ಜಗಲಿಗೆ ಸುಣ್ಣ ಬಳಿಯುತ್ತಿದ್ದಳು.

ಅಪ್ಪ ಚೀಲ ಬಿಚ್ಚುತ್ತಿದ್ದ. ನಾನು ಎಂದಿನಂತೆ ಹಿತ್ತಾಳೆ ರಾಶಿಯ ಹತ್ತಿರ ಹೋಗಿ ಕೂತು, ಚೆಂದದ್ದೇನಾದರೂ ಇದೆಯೇ ಎಂದು ಕೆದಕತೊಡಗಿದೆ. ಚಪ್ಪಟೆಯಾದ ತಂಬಿಗೆ, ಹಿಡಿ ಮುರಿದ ಸೌಟು, ಎರಡು ಬೋಗುಣಿ. ಬೋಗುಣಿಗಳನ್ನು ಎತ್ತಿದಾಗ ಕೆಳಗೆ ಅಂಗಾತ ಬಿದ್ದ ಒಂದು ಮುಖ. ಒಂದು ಕೆನ್ನೆ ಸುತ್ತಿಗೆಯ ಪೆಟ್ಟಿಗೆ ಒಳಗೆ ಹೋಗಿತ್ತು, ಒಂದು ಕಿವಿ ಇರಲಿಲ್ಲ. ಬಲಗಣ್ಣು ದೊಡ್ಡದಾಗಿ ನನ್ನನ್ನೇ ನೋಡುತ್ತಿತ್ತು. ನಾನು ಗದ್ದದ ಕೆಳಗೆ ಹೆಬ್ಬೆರಳು ಇಟ್ಟೆ. ಬೆರಳು ತನ್ನ ಜಾಗದಲ್ಲಿ ಕೂತಿತು.

"ಅಪ್ಪಾ," ಎಂದೆ. ಕೂಗಿದೆ ಎಂದುಕೊಂಡೆ, ಆದರೆ ದನಿ ಹೊರಡಲಿಲ್ಲ. ಮತ್ತೆ ಹೇಳಿದೆ. "ಅಪ್ಪಾ, ನಮ್ಮ ದುರುಗವ್ವ."

ಅಪ್ಪ ಬಂದು ನೋಡಿದ. ಅವನು ಮಂಡಿಯೂರಿ ಕೂತದ್ದು ಕಂಡು ಹುಸೇನಮ್ಮ ಎದ್ದು ಬಂದಳು.

"ಏನದು ನಿಂಗಪ್ಪ?"

"ಅಕ್ಕಾ, ಇದನ್ನ ಯಾರು ತಂದ್ರು?"

ಹುಸೇನಮ್ಮ ಮುಖವನ್ನು ತಿರುಗಿಸಿ ನೋಡಿ ನಾಲಿಗೆ ಕಚ್ಚಿಕೊಂಡಳು. "ಅಲ್ಲಾಹ್, ದೇವರ ಮುಖ! ನಾನು ನೋಡೇ ಇಲ್ಲ. ನಿಮ್ಮಣ್ಣ ತಂದಿದ್ದ. ಮನಿ ಬದಲು ಮಾಡೀವಿ, ಹಳೇ ಪಾತ್ರಿ ಅದಾವ ಅಂದ. ಅರಿವ್ಯಾಗ ಕಟ್ಟಿದ್ದ ಗಂಟು, ಹಂಗಾ ತೂಗಿಸಿದ. ನಮ್ಮ ಹುಡುಗ್ರು ಬಡದು ರಾಶಿಗೆ ಹಾಕ್ಯಾರ."

"ನಮ್ಮಣ್ಣನಾ ತಂದಿದ್ನಾ? ಖರೇನಾ?"

"ನಾಕು ಮಾತಾಡಿ, ಚಹಾ ಕುಡಿದು ಹೋದನಪ್ಪ. ನಾ ಯಾಕ ಸುಳ್ಳು ಹೇಳ್ಲಿ? ತಗಂಡು ಹೋಗು. ನಾನು ದೇವರನ್ನ ತೂಕಕ್ಕ ಹಾಕಾಕಿ ಅಲ್ಲ."

ಅಪ್ಪ ತನ್ನ ಟವೆಲ್ಲಿನಲ್ಲಿ ಮುಖವನ್ನು ಸುತ್ತಿ ಚೀಲದಲ್ಲಿ ಇಟ್ಟುಕೊಂಡ. ಆ ದಿನ ಒಗ್ಗರಣಿ ತಿನ್ನಲಿಲ್ಲ. ದೊಡ್ಡಪ್ಪನ ಮನೆಯ ಕಡೆಗೂ ಹೋಗಲಿಲ್ಲ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಿಟಕಿಯ ಹೊರಗೆ ನೋಡುತ್ತ, ಕೊಟ್ಟೂರು ಬರುವ ಹೊತ್ತಿಗೆ ಒಂದೇ ಮಾತು ಹೇಳಿದ.

"ಗಂಗವ್ವಾ, ಇದು ನಿನ್ನ ಹೊಟ್ಟ್ಯಾಗ ಇರಲಿ. ಬೆಸಿಗಿ ಹಾಕಾವ ಬಂದ ಕೂಡ್ಲೇ ಸರಿ ಮಾಡಿಸ್ತೀನಿ. ಹುಣ್ಣಿಮಿಗೆ ಆಕಿ ಜಗಲಿ ಮ್ಯಾಲೆ ಕುಂದರತಾಳ. ಯಾರಿಗೂ ಏನೂ ಗೊತ್ತಾಗಾದು ಬ್ಯಾಡ."

ಅವ್ವನಿಗೆ ಮಾತ್ರ ತೋರಿಸಿದ. ಅವ್ವ ಆ ಮುಖವನ್ನು ಮಡಿಲಲ್ಲಿ ಇಟ್ಟುಕೊಂಡು, ಒಳಸೇರಿದ ಕೆನ್ನೆಯನ್ನು ಸೆರಗಿನಿಂದ ಒರೆಸಿದಳು. ಬೈಯಲಿಲ್ಲ. ಅವಳು ಬೈಯದೆ ಇದ್ದಾಗಲೇ ನನಗೆ ಹೆದರಿಕೆ. ಬೆಸುಗೆ ಹಾಕುವ ಮನುಷ್ಯ ಯಾವುದೋ ಊರಿಗೆ ಹೋದವನು ಬಂದಿರಲಿಲ್ಲ. ಭಿನ್ನವಾದ ದೇವರನ್ನು ಜಗಲಿಯ ಮೇಲೆ ಇಡುವಂತಿಲ್ಲ. ಹಾಗಾಗಿ ದುರುಗವ್ವ ಅಟ್ಟದ ಮೇಲೆ, ಹಿತ್ತಾಳೆಯ ಅದೇ ಗೋಣಿಚೀಲದಲ್ಲಿ, ಟವೆಲ್ಲಿನೊಳಗೆ ಉಳಿದಳು.

ಹುಣ್ಣಿಮೆಗೆ ಇನ್ನೂ ಕೆಲವು ದಿನ ಇರುವಾಗ ಒಂದು ಮಧ್ಯಾಹ್ನ ಗುಡೇಕೋಟೆ ಅಜ್ಜ ಬಂದ. ಅಪ್ಪನಿಗೆ ಸಣ್ಣಪ್ಪನಾಗಬೇಕು, ಕುರಿ ಸಾಕುತ್ತಿದ್ದ, ನಮ್ಮ ಮನೆತನದಲ್ಲಿ ಹಿರಿಯ. ದೇವರ ಕೆಲಸಕ್ಕೆ ಅವನ ಮಾತೇ ಕೊನೆ. ಅವನ ಹಿಂದೆ ಬಂಧುಗಳು ಇಬ್ಬರು ಮೂವರು, ಎಲ್ಲರ ಹಿಂದೆ ದೊಡ್ಡಪ್ಪ. ಪೂಜೆಗೆ ಯಾರು ಏನು ತರಬೇಕು ಎಂದು ಮಾತಾಡಲು ಬಂದಿದ್ದರು. ಅಪ್ಪ ಕಂಬಳಿ ಹಾಸಿದ. ಅವ್ವ ಮಂಡಕ್ಕಿ ಹಚ್ಚಿ ಕೊಟ್ಟಳು. ದೊಡ್ಡಪ್ಪ ಮಂಡಕ್ಕಿ ಮುಟ್ಟಲಿಲ್ಲ, ಬೆವರು ಒರೆಸುತ್ತ ಕೂತಿದ್ದ. ಅಜ್ಜ ತಿಂದು ಕೈ ಕೊಡವಿ ಕೇಳಿದ.

"ಮಲ್ಲಪ್ಪ, ಪುಟ್ಟಿ ತರಲಿಲ್ಲೇನು? ಹುಣ್ಣಿಮಿ ದಿನಾನ ತರ್ತೀಯೋ?"

"ಆಗಲೇ ಕೊಟ್ಟೀನಲ್ಲ ಸಣ್ಣಪ್ಪ," ಎಂದ ದೊಡ್ಡಪ್ಪ. ತೊದಲಲಿಲ್ಲ. ಆ ಮಾತನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದನೇನೋ. "ಹೊಸಾ ಮನಿಗೆ ಹೋಗಾ ಮುಂದ ತಮ್ಮನ ಕೈಯಾಗ ಕೊಟ್ಟು ಕಳಿಸಿದೆ. ಈತನ ಹತ್ರಾನ ಐತಿ."

ನಾನು ಅಪ್ಪನನ್ನು ನೋಡಿದೆ. ಅಪ್ಪ ನೆಲ ನೋಡುತ್ತಿದ್ದ. ಅಜ್ಜ ಜಗಲಿಯ ಕಡೆ ತಿರುಗಿದ. ಹೊಸ ಸುಣ್ಣದ ಬಿಳಿ ಜಗಲಿ, ಖಾಲಿ.

"ಎಲ್ಲೈತೋ ನಿಂಗಪ್ಪ? ಇಲ್ಲಿ ಕಾಣವಲ್ದು?"

ಅಪ್ಪ ಕಂಬಳಿಯ ಅಂಚು ಎಳೆದು ಸರಿಮಾಡಿದ. ಅಜ್ಜ ಎರಡನೆಯ ಸಲ ಕೇಳಿದ, ದನಿ ಗಡುಸಾಯಿತು. ಬಂಧುಗಳಲ್ಲಿ ಒಬ್ಬ ಅಂಗಳದ ಗುಜರಿಯನ್ನು ನೋಡಿ ಇನ್ನೊಬ್ಬನ ಮೊಣಕೈ ತಿವಿದ. ಆ ನೋಟ ನನಗೆ ಅರ್ಥವಾಯಿತು. ಹಳೆ ಹಿತ್ತಾಳೆ ಮಾರಿ ತಿನ್ನುವವನ ಕೈಗೆ ದೇವರನ್ನು ಕೊಟ್ಟರೆ ಇನ್ನೇನಾದೀತು ಎಂಬ ನೋಟ. ನನಗೆ ತಡೆಯಲಾಗಲಿಲ್ಲ. ಅಟ್ಟ ಹತ್ತಿ, ಚೀಲ ಎಳೆದು, ಟವೆಲ್ಲಿನ ಗಂಟನ್ನು ತಂದು ಅಜ್ಜನ ಮುಂದೆ ಬಿಚ್ಚಿದೆ. ನಿಜ ಹೇಳಿದರೆ ಅಪ್ಪ ಉಳಿದುಕೊಳ್ಳುತ್ತಾನೆ ಎಂಬುದರಲ್ಲಿ ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ.

"ಅಪ್ಪ ಮಾರಿಲ್ಲಜ್ಜ. ದೊಡ್ಡಪ್ಪ ಗುಜರಿಗೆ ಹಾಕಿದ್ದ. ಹುಸೇನಮ್ಮನ ಅಂಗಡ್ಯಾಗ ಹಿತ್ತಾಳಿ ರಾಶ್ಯಾಗ ಬಿದ್ದಿತ್ತು. ನಾನಾ ನೋಡಿದ್ದು. ಅಪ್ಪ ಬಿಡಿಸ್ಕಂಡು ಬಂದಾನ. ಬೇಕಾದ್ರ ಹುಸೇನಮ್ಮನ್ನ ಕೇಳ್ರಿ."

ಅಜ್ಜ ಆ ಮುಖವನ್ನು ಎತ್ತಿ, ಇಲ್ಲದ ಕಿವಿಯ ಜಾಗವನ್ನು ಸವರಿದ. ದೊಡ್ಡಪ್ಪನ ಮುಖ ಬಿಳಿಚಿತು, ಮರುಗಳಿಗೆ ಕೆಂಪಾಯಿತು.

"ನೋಡಿದ್ರಾ? ಹೆಂಗ ಕೊಟ್ಟಿದ್ದೆ, ಹೆಂಗ ಮಾಡ್ಯಾನ ನೋಡ್ರಿ! ಕೂಸಿಗೆ ಎಂಥಾ ಮಾತು ಕಲಿಸ್ಯಾನ! ನಾನು ಪಗಾರ ತಗಳಾವ, ಹಿತ್ತಾಳಿ ಮಾರಿ ತಿನ್ನೋ ಗತಿ ನನಗ ಬಂದೈತೇನು?"

ಈ ಕೊನೆಯ ಮಾತು ಎಲ್ಲರ ಮನಸ್ಸಿಗೆ ನಾಟಿತು. ತಲೆಗಳು ಆಡಿದವು. ಅಜ್ಜ ಮಾತ್ರ ತಲೆಯಾಡಿಸದೆ ಅಪ್ಪನ ಕಡೆ ತಿರುಗಿದ. ಅವನು ನ್ಯಾಯವಂತ ಮನುಷ್ಯ. ಕೇಳುವುದನ್ನು ಕೇಳಿಯೇ ಮುಂದಿನ ಮಾತು.

"ನಿಂಗಪ್ಪ, ನಿನ್ನ ಬಾಯಿಂದ ಬರಲಿ. ನಿನ್ನ ಮಗಳು ಹೇಳಿದ್ದು ಖರೇನೋ, ನಿಮ್ಮಣ್ಣ ಹೇಳಿದ್ದು ಖರೇನೋ?"

ಅಪ್ಪ ತಲೆ ಎತ್ತಿದ. ಅಣ್ಣನನ್ನು ನೋಡಿದ. ದೊಡ್ಡಪ್ಪ ಅವನನ್ನು ನೋಡಲಿಲ್ಲ, ಬಾಗಿಲ ಹೊರಗೆ ನೋಡುತ್ತಿದ್ದ. ಅಪ್ಪ ನನ್ನನ್ನು ನೋಡಿದ. ನಾನು ಅವನಿಗೆ ನಕ್ಕೆ ಎಂದು ನೆನಪು. ಹೇಳು ಅಪ್ಪ, ಆಕಿ ಮಾತು ಅಂದ್ರ ಮಾತು ಅನ್ನು, ಎಂಬಂತೆ ನಕ್ಕೆ.

"ಅಣ್ಣ ಹೇಳಿದ್ದ ಖರೇ," ಎಂದ ಅಪ್ಪ. "ತಪ್ಪು ನನ್ನದಾ. ಹುಡುಗಿ ಸುಳ್ಳು ಹೇಳ್ತಾಳ."

ಒಲೆಯ ಮುಂದೆ ಅವ್ವನ ಕೈಯಿಂದ ತಂಬಿಗೆ ಬಿತ್ತು. ನೀರು ನನ್ನ ಕಾಲಿನವರೆಗೆ ಹರಿದು ಬಂತು. ನನಗೆ ಅಳು ಬರಲಿಲ್ಲ. ಕಿವಿ ಕಟ್ಟಿದಂತಾಯಿತು. ಅಪ್ಪನಿಗೆ ನಾನು ಹೇಳಿದ್ದು ಕೇಳಿಸಲಿಲ್ಲವೇನೋ, ಇನ್ನೊಮ್ಮೆ ಹೇಳಿದರೆ ಸರಿಹೋಗುತ್ತದೇನೋ ಎಂದು, "ಅಪ್ಪ, ನೀನಾ ಇದ್ದೆಲ್ಲ? ನೀನೂ ನೋಡಿದೆಲ್ಲ?" ಎಂದೆ. ಅವನು, "ಬಾಯಿ ಮುಚ್ಚಲೇ," ಎಂದು ಕೈ ಎತ್ತಿದ. ಹೊಡೆಯಲಿಲ್ಲ. ಎತ್ತಿದ ಕೈ ಹಾಗೇ ನಿಂತಿತ್ತು.

ಅಜ್ಜ ತೀರ್ಮಾನ ಹೇಳಿದ. ಮುಖವನ್ನು ತಾನು ಗುಡೇಕೋಟೆಗೆ ಒಯ್ದು ಸರಿ ಮಾಡಿಸುತ್ತಾನೆ, ಇನ್ನು ಅದು ಅಲ್ಲಿಯೇ ಇರುತ್ತದೆ. ನಮ್ಮ ಮನೆಗೆ ಸರದಿ ಇಲ್ಲ. ಅಪ್ಪ ಹುಣ್ಣಿಮೆಯ ದಿನ ಒದ್ದೆ ಬಟ್ಟೆಯಲ್ಲಿ, ಹೆಜ್ಜೆಹೆಜ್ಜೆಗೂ ನೆಲಕ್ಕೆ ಉದ್ದಕ್ಕೆ ಬೀಳುತ್ತ, ದೀಡ ನಮಸ್ಕಾರ ಹಾಕಬೇಕು. ನಾನು ದೇವರ ಎದುರು ದೊಡ್ಡಪ್ಪನ ಮೇಲೆ ಸುಳ್ಳು ಹೇಳಿದ್ದರಿಂದ ಅವನ ಕಾಲು ಮುಟ್ಟಿ, ಸುಳ್ಳು ಹೇಳಿದೆ ಎಂದು ಒಪ್ಪಿಕೊಳ್ಳಬೇಕು. ಅವ್ವ ಒಲೆಯ ಬಳಿಯಿಂದ, "ಆಕಿ ಮುಟ್ಟಾದಿಲ್ಲ!" ಎಂದಳು. ಅಪ್ಪ ನನ್ನ ಹೆಗಲು ಹಿಡಿದು ಮುಂದಕ್ಕೆ ನೂಕಿದ. ಮೆಲ್ಲಗೆ ನೂಕಿದ, ಮೊದಲೆಲ್ಲ ಸೈಕಲ್ಲಿನ ಮೇಲೆ ಕೂರಿಸುವಾಗ ನೂಕುತ್ತಿದ್ದಷ್ಟೇ ಮೆಲ್ಲಗೆ. ನಾನು ಆ ಪಾಲಿಷಿನ ಬೂಟು ಬಿಟ್ಟ ಬಿಳಿಯ ಕಾಲುಗಳನ್ನು ಮುಟ್ಟಿ, "ನಾನು ಸುಳ್ಳು ಹೇಳಿದೆ," ಎಂದೆ. ಆ ದಿನ ನಾನು ಹೇಳಿದ ಸುಳ್ಳು ಅದೊಂದೇ.

ದೊಡ್ಡಪ್ಪ ನನ್ನ ತಲೆಯ ಮೇಲೆ ಕೈ ಇಟ್ಟು, "ಇರಲಿ, ಸಣ್ಣಾಕಿ ಅದಾಳ," ಎಂದ. ಎಲ್ಲರೂ ಅವನ ದೊಡ್ಡ ಮನಸ್ಸನ್ನು ಹೊಗಳಿದರು.

ಅಂದಿನಿಂದ ನಾನು ಅಪ್ಪನ ಸೈಕಲ್ಲು ಹತ್ತಲಿಲ್ಲ. ರಜೆಯ ದಿನ ಬೆಳಿಗ್ಗೆ ಅವನು ಚೀಲ ಕಟ್ಟಿಕೊಂಡು ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಲ್ಲುತ್ತಿದ್ದ. ಗಂಟೆ ಬಾರಿಸುತ್ತಿದ್ದ. ನಾನು ಒಳಗೆ ಪಾತ್ರೆ ತೊಳೆಯುತ್ತಲೇ ಇರುತ್ತಿದ್ದೆ. ಆಮೇಲೆ ಅವನ ಒಡಕು ದನಿ ಓಣಿಯಲ್ಲಿ ದೂರವಾಗುತ್ತಿತ್ತು. ಅವ್ವ ಅವನಿಗೆ ರೊಟ್ಟಿ ಕಟ್ಟುವುದು ಬಿಡಲಿಲ್ಲ, ಆದರೆ ಹತ್ತಿರ ಕೂತು ಬಡಿಸುವುದು ಬಿಟ್ಟಳು. ತಾಟು ಇಟ್ಟು ಎದ್ದು ಹೋಗುತ್ತಿದ್ದಳು. ಓಣಿಯಲ್ಲಿ, ಬಂಧುಗಳ ಮದುವೆಗಳಲ್ಲಿ, ನನಗೆ ಸುಳ್ಳು ಗಂಗಿ ಎಂಬ ಹೆಸರು ಬಿತ್ತು. ಅದರಲ್ಲಿ ಹಗೆ ಇರಲಿಲ್ಲ. ಊರಿನಲ್ಲಿ ಇಬ್ಬರು ಗಂಗಿಯರಿದ್ದರೆ ಒಬ್ಬಳಿಗೆ ಗುರುತು ಬೇಕಲ್ಲ, ಅಷ್ಟೇ ಸಲೀಸಾಗಿ ಕರೆಯುತ್ತಿದ್ದರು.

ಬೇಸಿಗೆ ಕಳೆದು ಶಾಲೆ ಶುರುವಾಗುವ ಹೊತ್ತಿಗೆ ದೊಡ್ಡಪ್ಪನಿಂದ ಹೇಳಿಕೆ ಬಂತು. ಹಗರಿಬೊಮ್ಮನಹಳ್ಳಿಯ ಹುಡುಗಿಯರ ಹಾಸ್ಟೆಲ್ಲಿನಲ್ಲಿ ನನಗೆ ಜಾಗ ಸಿಕ್ಕಿದೆ, ಅವನೇ ಓಡಾಡಿ ಮಾಡಿಸಿದ್ದಾನೆ. ಅಪ್ಪ ಆ ಸುದ್ದಿಯನ್ನು ಹಬ್ಬದಂತೆ ಮನೆಗೆ ತಂದ. ಸಂತೆಯಿಂದ ಹೊಸ ಟ್ರಂಕು ತಂದು ಅವ್ವನ ಮುಂದಿಟ್ಟ. ಅವ್ವ ನನ್ನ ಎರಡು ಲಂಗಗಳನ್ನು ಮಡಚಿ ಅದರಲ್ಲಿ ಇಡುತ್ತಿದ್ದವಳು ಹಾಗೇ ಕೈ ನಿಲ್ಲಿಸಿದಳು.

"ಈ ಮಾತು ಅವತ್ತಾ ಆಗಿತ್ತೇನು?"

"ಯಾ ಮಾತು?"

"ಹಾಸ್ಟೆಲ್ಲಿನ ಮಾತು. ಹುಣ್ಣಿಮಿಗಿಂತ ಮೊದಲಾ ಕೇಳಿದ್ರೇನು ಅಣ್ಣನ್ನ?"

ಅಪ್ಪ ಟ್ರಂಕಿನ ಚಿಲಕ ಹಾಕಿ ತೆಗೆದ. ಅವ್ವ ಲಂಗ ಕೆಳಗಿಟ್ಟಳು.

"ಮಗಳ ಮಾತು ಮಾರಿ ಮಗಳಿಗೆ ಸೀಟು ತಂದ್ರಿ."

"ಓದಲಿ ಅಂತ ಮಾಡಿದೆ," ಎಂದ ಅಪ್ಪ. "ಅಣ್ಣನ ಮರ್ಯಾದಿ ಹೋಗಿದ್ರ ಆಕಿ ಕೈ ಹಿಡಿಯಾವ ಯಾರು? ನಾನು ಹಿಡಿತಿದ್ನಾ? ಗುಜರಿ ಹೆಕ್ಕತಿದ್ಲು ನನ್ನಂಗ."

ಅವರಿಬ್ಬರೂ ನಾನು ಪರದೆಯ ಆಚೆ ಇರುವುದನ್ನು ಮರೆತಿದ್ದರು. ನಾನು ಹಾಸ್ಟೆಲ್ಲಿಗೆ ಹೋದೆ. ಹೋಗುವುದಿಲ್ಲ ಎನ್ನುವ ಧೈರ್ಯವಿರಲಿಲ್ಲ ಎನ್ನುವುದಕ್ಕಿಂತ, ಆ ಮನೆಯಲ್ಲಿ ಇರುವುದು ನನಗೆ ಬೇಡವಾಗಿತ್ತು. ದೊಡ್ಡಪ್ಪನೇ ನನ್ನ ಟ್ರಂಕು ಹೊತ್ತು ಹಾಸ್ಟೆಲ್ಲಿನ ಮೆಟ್ಟಿಲು ಹತ್ತಿದ. ವಾರ್ಡನ್ನಿಗೆ, "ನಮ್ಮ ತಮ್ಮನ ಮಗಳ್ರಿ, ಭಾಳ ಶಾಣ್ಯಾಕಿ," ಎಂದ. ಹಬ್ಬಕ್ಕೊಮ್ಮೆ ಹೋಳಿಗೆ ಕಟ್ಟಿಸಿಕೊಂಡು ಬರುತ್ತಿದ್ದ. ಪಕ್ಕದ ಮಂಚದ ಹುಡುಗಿಯರಿಗೆ ಅದನ್ನು ಹಂಚಿಬಿಡುತ್ತಿದ್ದೆ. ಅವನು ಕೆಟ್ಟ ಮನುಷ್ಯನಾಗಿರಲಿಲ್ಲ. ಅದನ್ನು ನಾನು ಬಹಳ ವರ್ಷ ಒಪ್ಪಿಕೊಳ್ಳಲಿಲ್ಲ, ಈಗ ಒಪ್ಪುತ್ತೇನೆ. ಬಿಳಿಯ ಅಂಗಿಯೊಳಗೆ ಅವನು ದಿನವೂ ಹೆದರಿಕೊಂಡೇ ಬದುಕಿದ. ಯಾವ ಮಂದಿ ಎಂದು ಯಾರಾದರೂ ಕೇಳಿಬಿಟ್ಟಾರು ಎಂಬ ಹೆದರಿಕೆ. ಆ ಹೆದರಿಕೆಯನ್ನು ಅರಿವೆಯಲ್ಲಿ ಕಟ್ಟಿ ಗುಜರಿಗೆ ಹಾಕಿ ಬಂದಿದ್ದ. ಅವನನ್ನು ಹಾಗೆ ಅರ್ಥ ಮಾಡಿಕೊಂಡಷ್ಟು ಸುಲಭವಾಗಿ ಅಪ್ಪನನ್ನು ಅರ್ಥ ಮಾಡಿಕೊಳ್ಳಲು ನನ್ನಿಂದ ಆಗಿಲ್ಲ. ದೊಡ್ಡಪ್ಪ ನನ್ನ ಮಾತನ್ನು ಎಂದೂ ದೊಡ್ಡದು ಮಾಡಿ ಹೊಗಳಿದವನಲ್ಲ.

ನಾನು ನರ್ಸ್ ಆದೆ. ಈಗ ಹರಪನಹಳ್ಳಿಯಲ್ಲಿ ಕೆಲಸ. ರೋಗಿಯ ಜ್ವರ ನೋಡಿದರೂ, ರಕ್ತದೊತ್ತಡ ನೋಡಿದರೂ, ಪಕ್ಕದಲ್ಲಿರುವ ಹುಡುಗಿಯನ್ನು ಕರೆದು ಅವಳಿಗೂ ತೋರಿಸಿ ಆಮೇಲೆ ಬರೆಯುತ್ತೇನೆ. ಹೊಸದಾಗಿ ಬಂದವರು ನಗುತ್ತಾರೆ. ಇಷ್ಟು ವರ್ಷ ಸರ್ವೀಸಾದರೂ ನಿಮಗೆ ನಿಮ್ಮ ಕಣ್ಣಿನ ಮೇಲೆ ನಂಬಿಕೆ ಇಲ್ಲವೇ ಎಂದು ಕೇಳುತ್ತಾರೆ. ನನ್ನ ಕಣ್ಣಿನ ಮೇಲೆ ನನಗೆ ಯಾವಾಗಲೂ ನಂಬಿಕೆ ಇದೆ. ಜೊತೆಯಲ್ಲಿ ನೋಡಿದವರು ಆಮೇಲೆ ಏನು ಹೇಳುತ್ತಾರೆ ಎಂಬುದರ ಮೇಲೆ ಇಲ್ಲ.

ಅವ್ವ ತೀರಿಕೊಂಡ ಮೇಲೆ ಅಪ್ಪ ನನ್ನ ಮನೆಗೆ ಬಂದ. ಮೊಣಕಾಲು ಹೋಗಿವೆ, ಸೈಕಲ್ಲು ತುಳಿಯಲಾರ. ಅಡುಗೆಮನೆಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ನಾವು ಮಳೆ, ಔಷಧಿ, ಸೊಪ್ಪಿನ ರೇಟು ಮಾತಾಡುತ್ತೇವೆ. ಮೊನ್ನೆ ದೊಡ್ಡಪ್ಪ ತೀರಿಕೊಂಡ. ದಿನಕರ್ಮಕ್ಕೆ ಅವನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಬಂಧುಗಳೆಲ್ಲ ಕೂತು ಅವನ ಗುಣಗಾನ ಮಾಡುತ್ತಿದ್ದ ಹೊತ್ತಿನಲ್ಲಿ ನಾನು ಅಪ್ಪನನ್ನು ಹಿಡಿದುಕೊಂಡು ಒಳಗೆ ಹೋದೆ. ವಯಸ್ಸಾದ ಒಬ್ಬಾಕೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು.

"ಯಾರವ್ವ ಈಕಿ? ನಿಂಗಪ್ಪನ ಮಗಳಾ? ಹೌದಲ್ಲ, ಸುಳ್ಳು ಗಂಗಿ! ಪಾಪ, ಆ ಪುಣ್ಯಾತ್ಮನ ಮ್ಯಾಲೆ ಎಂಥಾ ಮಾತು ಹೇಳಿದ್ದೆಲ್ಲೇ ಅವಾಗ!"

ಸುತ್ತ ಇದ್ದವರು ನಕ್ಕರು. ಸಾವಿನ ಮನೆಯಲ್ಲಿ ಹಗುರಾಗಲು ಒಂದು ನಗೆ ಬೇಕಿತ್ತು. ಗುಡೇಕೋಟೆ ಅಜ್ಜ ಎಂದೋ ಹೋಗಿದ್ದ, ಹುಸೇನಮ್ಮನೂ ಇಲ್ಲ, ಈಗ ದೊಡ್ಡಪ್ಪನೂ ಇಲ್ಲ. ಉಳಿದವರಲ್ಲಿ ನಿಜ ಗೊತ್ತಿದ್ದವರೆಂದರೆ ಕುಂಕುಮವಿಲ್ಲದ ಹಣೆಯ ದೊಡ್ಡವ್ವ, ಮತ್ತು ನನ್ನ ಭುಜ ಹಿಡಿದು ನಿಂತ ಈ ಮನುಷ್ಯ. ದೊಡ್ಡವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಅಪ್ಪನನ್ನು ನೋಡಿದೆ. ಅವನ ಬೆರಳು ನನ್ನ ಭುಜದ ಮೇಲೆ ಒಮ್ಮೆ ಬಿಗಿಯಾಯಿತು. ಬಾಯಿ ತೆರೆದ. ನಾನು ಕಾದೆ. ಅವನು, "ನನಗ ಕುರ್ಚಿ ಕೊಡ್ರೆವ್ವಾ, ಕಾಲು ನೋಯ್ತಾವ," ಎಂದ.

ಊಟಕ್ಕೆ ಕೂರದೆ ಮಧ್ಯಾಹ್ನದ ಬಸ್ಸಿಗೇ ಅವನನ್ನು ಕರೆದುಕೊಂಡು ಬಂದೆ. ಮನೆಗೆ ಬಂದು ರೊಟ್ಟಿ ಮಾಡಿದೆ, ಪುಂಡಿಪಲ್ಯ ಬಿಸಿ ಮಾಡಿದೆ. ಹೊತ್ತು ಮುಳುಗುವ ಮುಂಚೆಯೇ ತಾಟು ಇಟ್ಟೆ. ಅವನು ರೊಟ್ಟಿ ಮುರಿಯದೆ ಕೂತಿದ್ದ.

"ನೀ ಸುಳ್ಳು ಹೇಳಿದ್ದಿಲ್ಲ ಬಿಡವ್ವ," ಎಂದ.

"ಅದು ನನಗ ಗೊತ್ತೈತಪ್ಪ. ಅಲ್ಲಿ ಕುಂತವರಿಗೆ ಗೊತ್ತಿಲ್ಲ."

"ಸತ್ತಾವನ ಮ್ಯಾಲೆ ಹೆಂಗ ಹೇಳ್ಲಿ? ಅವನ ಹೆಗಲ ಮ್ಯಾಲೆ ಬೆಳದಾವ ನಾನು."

"ಬದುಕಿದ್ದಾಗ್ಲೂ ಹೇಳ್ಲಿಲ್ಲ."

"ನೀ ಸಣ್ಣಾಕಿ ಇದ್ದಿ," ಎಂದ ಅಪ್ಪ. "ಮರೀತಿ ಅನಕಂಡಿದ್ದೆ. ನೌಕರಿ ಬಂತು, ಮನಿ ಆತು, ಎಲ್ಲಾ ಆತು. ಮರೆತಿರ್ತಿ ಅನಕಂಡಿದ್ದೆ."

ನಾನು ಅವನ ತಾಟಿಗೆ ಪಲ್ಯ ಬಡಿಸಿದೆ. ಅವನ ಕೈಗೆ ಎಟಕುವಂತೆ ನೀರು ಇಟ್ಟೆ. ಅವನು ತಲೆ ಎತ್ತದೆ ಕೇಳಿದ.

"ಇನ್ನಾ ಸಿಟ್ಟು ಐತೇನು ನನ್ನ ಮ್ಯಾಲೆ?"

ಇಲ್ಲ ಎಂದರೆ ಆ ಮುದುಕ ನೆಮ್ಮದಿಯಿಂದ ಎರಡು ತುತ್ತು ಉಣ್ಣುತ್ತಿದ್ದ. ಅದು ನನಗೆ ಗೊತ್ತಿತ್ತು. ಅವನ ಪಕ್ಕ ಕೂತು, ರೊಟ್ಟಿಯನ್ನು ನಾನೇ ಮುರಿದು ಅವನ ಕೈಗೆ ಕೊಟ್ಟೆ.

"ಐತಿ," ಎಂದೆ.